ಅವನ ಹೆಸರಿನ ನಡಿಗೆ

ಮಾಂಬಳ್ಳಿಯ ಕೆಂಪನಂಜಪ್ಪನಿಗೆ ಹೃದಯಾಘಾತವಾದದ್ದಕ್ಕಿಂತ, ಆಮೇಲೆ ಡಾಕ್ಟರು "ದಿನಾ ನಡೀಬೇಕು" ಅಂದದ್ದೇ ದೊಡ್ಡ ಅವಮಾನವಾಗಿತ್ತು. ಅರವತ್ತೊಂದು ವರ್ಷದಲ್ಲಿ ಅವನು ಕೆಲಸವಿಲ್ಲದೆ ನಡೆದವನಲ್ಲ. ಕೆಲಸವಿದ್ದಾಗಲೂ ಬೈಕಿನಲ್ಲೇ ಹೋದವನು. ಗದ್ದೆಗೂ ಬೈಕು, ನಾಲ್ಕು ಮನೆ ಆಚೆಯ ಡೇರಿಗೂ ಬೈಕು. ಅಂಥವನು ಈಗ ಬಿಳಿ ಬೂಟು ಹಾಕಿಕೊಂಡು, ಕೈ ಬೀಸಿಕೊಂಡು, ಬೀದಿಯ ಆ ತುದಿ ಮುಟ್ಟಿ ಸುಮ್ಮನೆ ವಾಪಸ್ಸು ಬರುವುದೆಂದರೆ! ಎದುರುಮನೆಯ ಜಗಲಿಯ ಮೇಲೆ ಕೂತಿದ್ದ ನಟರಾಜು ಒಂದೇ ದಿನ ನೋಡಿದ. "ಏನಣ್ಣೋ, ಏನಾರ ಕಳ್ಕಂಡಿದ್ದೀಯಾ?" ಅಂದ. ಅವತ್ತೇ ಬೂಟು ಅಟ್ಟ ಸೇರಿತು.

ನಾಚಿಕೆ ಎಂದು ಅವನು ಹೇಳಿಕೊಂಡ. ನಿಜಕ್ಕೂ ಒಳಗಿದ್ದದ್ದು ಭಯ. ಸ್ವಲ್ಪ ಬಿರುಸಾಗಿ ನಡೆದು ಉಸಿರು ಏರಿದರೆ ಸಾಕು, ಕೊಟ್ಟಿಗೆಯ ಮುಂದೆ ಎದೆ ಹಿಡಿದುಕೊಂಡು ಬಿದ್ದ ಬೆಳಗು ನೆನಪಾಗುತ್ತಿತ್ತು. ಇನ್ನೊಂದು ಸಲ ಬಿದ್ದರೆ ಬೀದಿಯಲ್ಲಿ, ಎಲ್ಲರ ಕಣ್ಣೆದುರಿಗೆ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಮೈಸೂರಿನಲ್ಲಿ ಸ್ಟೆಂಟ್ ಹಾಕಿದ ಡಾಕ್ಟರು ಕೊಳ್ಳೇಗಾಲದ ಒಂದು ಆಸ್ಪತ್ರೆಗೆ ಬರೆದುಕೊಟ್ಟಿದ್ದರು. ಅಲ್ಲಿ ಪ್ರತಿ ಮಂಗಳವಾರ ಇವನಂಥ ಏಳೆಂಟು ಜನಕ್ಕೆ ವ್ಯಾಯಾಮ. ಮಾಡಿಸುವವಳು ಹನೂರಿನ ಹುಡುಗಿ ಕೋಮಲ, ಫಿಸಿಯೋಥೆರಪಿ ಓದಿದವಳು. ಎಲ್ಲರ ಎದೆಗೂ ವೈರು ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಿದ್ದಳು. ಮನೆಗೆ ಹೋಗುವಾಗ ಒಬ್ಬೊಬ್ಬರ ಕೈಗೂ ಒಂದು ಕಪ್ಪು ಪಟ್ಟಿ ಕಟ್ಟಿದ್ದಳು. ಅದು ಇಟ್ಟ ಹೆಜ್ಜೆ ಎಣಿಸುತ್ತದೆ, ಎದೆಬಡಿತವನ್ನೂ ಗುರುತಿಟ್ಟುಕೊಳ್ಳುತ್ತದೆ. ಮುಂದಿನ ಮಂಗಳವಾರ ಕಂಪ್ಯೂಟರಿಗೆ ತೋರಿಸಿದರೆ ವಾರದ ಹಣೆಬರಹವೆಲ್ಲ ಪರದೆಯ ಮೇಲೆ.

ಮೊದಲ ವಾರ ಕೆಂಪನಂಜಪ್ಪನದು ದಿನಕ್ಕೆ ಆರುನೂರು ಹೆಜ್ಜೆ. ಹೂಗ್ಯಂನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಕೂಲಿ ಮುತ್ತಯ್ಯನದು, ಅದೂ ಎದೆ ಸೀಳಿಸಿಕೊಂಡು ಬೈಪಾಸ್ ಮಾಡಿಸಿಕೊಂಡವನದು, ಮೂರು ಸಾವಿರ. ಕೋಮಲ ಎರಡನ್ನೂ ಎಲ್ಲರೆದುರೇ ಓದಿದಳು. ಕೆಂಪನಂಜಪ್ಪನ ಮುಖ ಕಪ್ಪಿಟ್ಟಿತು. ಅವತ್ತು ಸಂಜೆ ಪಟ್ಟಿ ಬಿಚ್ಚಿ ಹೆಂಡತಿ ಪುಟ್ಟಬಸಮ್ಮನ ಕೈಗೆ ಕಟ್ಟಿದ.

"ನಂಗ್ಯಾಕೆ ಇದು?" ಅಂದಳು ಅವಳು.

"ನೀನು ಎಂಗೂ ಓಡಾಡ್ತಾನೆ ಇರ್ತೀಯಲ್ಲ, ಇರ್ಲಿ ಕಟ್ಕೊ. ಬೆಟ್ಟಕ್ಕೆ ನೀನು ನಡೀನಿಲ್ವಾ ನನ್ನೆಸರಲ್ಲಿ?"

ಅದೂ ನಿಜವೇ. ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾಗ ಅವನು, ಬದುಕಿದರೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡೇ ಬರುತ್ತೇನೆ ಎಂದು ಹರಕೆ ಹೊತ್ತಿದ್ದ. ಬದುಕಿದ, ನಡೆಯಲಿಲ್ಲ. ಊರಿನವರ ಗುಂಪಿನ ಜೊತೆ ಪುಟ್ಟಬಸಮ್ಮ ಹೊರಟು, ಹನೂರು ದಾಟಿ, ತಾಳಬೆಟ್ಟ ಹತ್ತಿ, ಗಂಡನ ಹೆಸರಿಗೆ ಪೂಜೆ ಮಾಡಿಸಿ ಪ್ರಸಾದ ತಂದಿದ್ದಳು. ಗಂಡ ಏಳಲಾರದೆ ಮಲಗಿದ್ದರೆ ಹೆಂಡತಿ ನಡೆಯುವುದು ಅಲ್ಲಿ ಹೊಸದೇನಲ್ಲ. ಹರಕೆ ಸಂದಿತು ಎಂದು ಎಲ್ಲರೂ ಒಪ್ಪಿದ್ದರು. ದೇವರೇ ಒಪ್ಪಿಕೊಂಡ ಮೇಲೆ ಈ ಪಟ್ಟಿ ಯಾವ ಮಹಾ ಎಂಬುದು ಕೆಂಪನಂಜಪ್ಪನ ವಾದ.

ಮುಂದಿನ ಮಂಗಳವಾರ ಆಸ್ಪತ್ರೆಯ ಗೇಟಿನಲ್ಲಿ ಅವಳ ಕೈಯಿಂದ ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡು ಒಳಗೆ ಹೋದ. ಬುತ್ತಿ ಚೀಲ, ನೀರಿನ ಬಾಟಲು ಹಿಡಿದು ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ಕಂಪ್ಯೂಟರು ದಿನಕ್ಕೆ ಹನ್ನೊಂದು ಸಾವಿರ ಹೆಜ್ಜೆ ತೋರಿಸಿತು. ಮನೆ, ಕೊಟ್ಟಿಗೆ, ಹಿತ್ತಲು ಇಷ್ಟರಲ್ಲೇ ಅಷ್ಟು ದೂರ ಹೇಗೆ ನಡೆದಳು ಎಂದು ಅವನಿಗೂ ಒಂದು ಕ್ಷಣ ಸೋಜಿಗವಾಯಿತು. ಆದರೆ ಕೋಮಲ ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸಿದ್ದರಿಂದ ಆ ಯೋಚನೆ ಅಲ್ಲೇ ನಿಂತಿತು.

"ಬುದ್ದಿ, ನಿಮ್ಮುನ್ನ ನೋಡಿ ನಾನೂವೆ ಇನ್ನೊಸಿ ನಡೀತೀನಿ" ಅಂದ ಮುತ್ತಯ್ಯ, ಕೈ ಮುಗಿದು.

ಕೆಂಪನಂಜಪ್ಪನಿಗೆ ಆ ಕೈಗಳನ್ನು ನೋಡಲಾಗಲಿಲ್ಲ. ನಾಚಿಕೆಯಾಯಿತು. ಆದರೆ ನಾಚಿಕೆಯ ಜೊತೆಗೆ ಸ್ವಲ್ಪ ಸುಖವೂ ಆಯಿತು ಎಂಬುದನ್ನು ಮುಚ್ಚಿಡುವುದು ಬೇಡ. ಹಾಗೇ ಆರು ವಾರ ಕಳೆದವು. ಟ್ರೆಡ್‌ಮಿಲ್ ಮೇಲೆ ಐದು ನಿಮಿಷಕ್ಕೇ ಏದುಸಿರು ಬಿಡುವುದನ್ನು ಕಂಡು ಕೋಮಲ ಕೇಳಿದರೆ, "ಮಿಷಿನ್ ಮ್ಯಾಲೆ ನಂಗೆ ರೂಢಿ ಇಲ್ಲ ಕಣವ್ವ" ಅನ್ನುತ್ತಿದ್ದ.

ಏಳನೆಯ ಮಂಗಳವಾರ ಕೋಮಲ ಪರದೆಯನ್ನು ನೋಡಿದವಳು ಚಪ್ಪಾಳೆ ತಟ್ಟಿಸಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡಳು.

"ಸರ್, ನಾಲ್ಕು ದಿನದಿಂದ ನಿಮ್ಮ ಎದೆಬಡಿತ ತುಂಬ ಏರುಪೇರಾಗಿದೆ. ಒಂದು ಸಲ ನೂರಾ ಅರವತ್ತು, ಒಂದು ಸಲ ಗೊತ್ತುಗುರಿಯೇ ಇಲ್ಲ. ಆದ್ರೆ ಈಗ ವೈರು ಅಂಟಿಸಿ ನೋಡಿದ್ರೆ ಸರಿಯಾಗೇ ಇದೆ. ಪಟ್ಟಿ ಏನಾದ್ರೂ ಕೆಟ್ಟಿದೆಯಾ ಅಂತ."

ತಪ್ಪಿಸಿಕೊಳ್ಳಲು ದಾರಿಯನ್ನು ಪಾಪ, ಅವಳೇ ತೆರೆದಿದ್ದಳು. "ಊಂ ಕಣವ್ವ, ಕೆಟ್ಟೋಗಿರ್ಬೇಕು" ಅಂದುಬಿಟ್ಟ ಕೆಂಪನಂಜಪ್ಪ. ಮುಂದೆ ಎಷ್ಟೋ ದಿನ ಅವನನ್ನು ಇರಿದದ್ದು ಈ ಒಂದು ಮಾತು.

ಕೋಮಲ ಅಷ್ಟಕ್ಕೇ ಬಿಡಲಿಲ್ಲ. "ಶನಿವಾರ ಬೆಳಗ್ಗೆ ಹತ್ತೂಕಾಲಿಗೆ ಏನು ಮಾಡ್ತಿದ್ರಿ, ನೆನಪಿದೆಯಾ? ಎಲ್ಲಕ್ಕಿಂತ ಹೆಚ್ಚಾಗಿರೋದು ಆವಾಗ."

ನೆನಪಿತ್ತು. ಶನಿವಾರ ಬೆಳಗ್ಗೆ ಮಹಡಿಯ ಮೇಲೆ ಇಬ್ಬರು ನೆಂಟರು ಕೂತಿದ್ದರು. ಇವನು ಮೇಲಿಂದಲೇ ಕಾಫಿಗೆ ಕೂಗಿದ್ದ. ತಟ್ಟೆ ಹಿಡಿದು ಹತ್ತಿ ಬಂದ ಪುಟ್ಟಬಸಮ್ಮ ಕೊನೆಯ ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದಳು. ಕಾಫಿ ಚೆಲ್ಲಿತ್ತು. "ಏನ್ ಲೇ ಇದು, ಬಂದೋರ ಮುಂದೆ ನಾಟ್ಕ!" ಎಂದು ಇವನು ನೆಂಟರ ಎದುರೇ ಗದರಿದ್ದ. ಅವಳು ಸೆರಗಿನಿಂದಲೇ ಮೆಟ್ಟಿಲು ಒರೆಸಿ ಇಳಿದುಹೋಗಿದ್ದಳು.

"ಮಲಗಿದ್ರೆ ಉಸಿರು ಕಟ್ಟುತ್ತಾ ಸರ್? ಎದ್ದು ಕೂತ್ಕೋಬೇಕು ಅನ್ಸುತ್ತಾ?"

ಬೆಟ್ಟದಿಂದ ಬಂದಾಗಿನಿಂದ ಅವಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ನನ್ನ ನಿದ್ದೆಯನ್ನೂ ಕೆಡಿಸುತ್ತೀ ಎಂದು ಇವನು ಅವಳ ಚಾಪೆಯನ್ನು ನಡುಮನೆಗೆ ಹಾಕಿಸಿದ್ದ.

"ಕಾಲು ಊದುತ್ತಾ?"

ಕಾಲುಂಗುರ ಬಿಗಿಯಾಗಿದೆ, ತೆಗೆಸಬೇಕು ಎಂದು ಅವಳು ಹೋದ ವಾರ ಹೇಳಿದ್ದಳು. ಆಗ ಇವನು ಟಿವಿ ನೋಡುತ್ತಿದ್ದ.

ಕೆಂಪನಂಜಪ್ಪ, ಸುಮ್ಮನಿದ್ದು, ಹೊರಗೆ ಹೋಗಿ, ಬೇರೆ ಊರಿನ ಯಾವುದಾದರೂ ಡಾಕ್ಟರಿಗೆ ತೋರಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದೂ ಒಂದು ಗಳಿಗೆ ಯೋಚಿಸಿದ. ಅಷ್ಟರಲ್ಲಿ ಕೋಮಲ, "ನಿಜ ಆಗಿದ್ರೆ ಒಂದು ದಿನಾನೂ ಕಾಯೋ ಹಾಗಿಲ್ಲ ಸರ್" ಅಂದಳು.

"ಪಟ್ಟಿ ಕೆಟ್ಟಿಲ್ಲ ಕಣವ್ವ" ಅಂದ. ಅವನ ದನಿ ಅವನಿಗೇ ಕೇಳಿಸಲಿಲ್ಲ. ಇನ್ನೊಂದು ಸಲ, ಗಟ್ಟಿಯಾಗಿ ಹೇಳಬೇಕಾಯಿತು. "ಪಟ್ಟಿ ಕೆಟ್ಟಿಲ್ಲ. ನಾನು ಕಟ್ಕಂಡೇ ಇಲ್ಲ ಅದ. ನಮ್ಮನೆಯೋಳ್ ಕೈಗೆ ಕಟ್ಟಿದ್ದೆ. ಅಷ್ಟೂ ನಡ್ದೋಳು ಅವ್ಳು. ಆ ಎದೆ ಅವ್ಳುದು."

ಕೋಣೆಯಲ್ಲಿ ಸೈಕಲ್ ತುಳಿಯುತ್ತಿದ್ದವನು ನಿಲ್ಲಿಸಿದ. ಎಲ್ಲರೂ ಇವನನ್ನೇ ನೋಡಿದರು. ಮುತ್ತಯ್ಯ ಮಾತ್ರ ತಲೆ ತಗ್ಗಿಸಿ ತನ್ನ ಕೈಯ ಪಟ್ಟಿ ನೋಡಿಕೊಂಡ. ಅವನು ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಕೋಮಲ ಬೈಯಲಿಲ್ಲ. "ಅವ್ರು ಈಗ ಎಲ್ಲಿದ್ದಾರೆ?" ಅಂದಳು.

"ಹೊರ್ಗಡೆ. ಬೆಂಚ್ ಮ್ಯಾಲೆ."

"ಅವರನ್ನ ನಡೆಸ್ಬೇಡಿ. ನಾನು ಡಾಕ್ಟರನ್ನ ಕರೆದು, ಗಾಲಿಕುರ್ಚಿ ತರ್ತೀನಿ" ಎನ್ನುತ್ತಲೇ ಅವಳು ಎದ್ದಳು.

ಕೆಂಪನಂಜಪ್ಪ ಕಾಯಲಿಲ್ಲ. ಎದೆಗೆ ಅಂಟಿದ ವೈರುಗಳನ್ನು ಕಿತ್ತು, ಅಂಗಿಯ ಗುಂಡಿ ಹಾಕುವುದನ್ನೂ ಮರೆತು, ಕೊರಳ ಶಿವದಾರ ಹೊರಗೆ ಬಿದ್ದಂತೆಯೇ ಉದ್ದನೆಯ ಪಡಸಾಲೆಯಲ್ಲಿ ನಡೆದ. ಉಸಿರು ಏರಿತು. ಜನ ನೋಡಿದರು. ಬಿದ್ದರೆ ಬೀಳಲಿ ಅನ್ನಿಸಿತು. ಬೀಳಲಿಲ್ಲ.

ಪುಟ್ಟಬಸಮ್ಮ ಬೆಂಚಿನ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ತುಟಿ ಬಿಳುಚಿತ್ತು. ಚಪ್ಪಲಿ ಬಿಟ್ಟಿದ್ದ ಪಾದಗಳು ಊದಿ ಮಿನುಗುತ್ತಿದ್ದವು. ಅವು ಈ ಹೊತ್ತು ಊದಿದ ಪಾದಗಳಲ್ಲ. ಅವನು ನೋಡಿದ್ದು ಮಾತ್ರ ಈ ಹೊತ್ತು.

ಹೆಜ್ಜೆ ಸಪ್ಪಳಕ್ಕೆ ಅವಳು ಕಣ್ಣು ಬಿಟ್ಟಳು. ತೆರೆದ ಅಂಗಿ ಕಂಡು ಗಾಬರಿಯಾದಳು. "ಯಾಕೆ ಇಂಗೆ ಬಂದ್ರಿ? ಎದೆ ಎಂಗದೆ ಅಂದ್ರು?"

ಅವನು ಅವಳ ಎದುರು ನೆಲದ ಮೇಲೇ ಕೂತ.

ಅವನ ಕೈಯಲ್ಲಿ ಪಟ್ಟಿ ಕಂಡಿರಬೇಕು. ಪ್ರತಿ ಮಂಗಳವಾರದಂತೆ, ಈ ವಾರದ ಕೆಲಸ ಮುಗಿಯಿತು ಎಂದುಕೊಂಡು ಪುಟ್ಟಬಸಮ್ಮ ಬಳೆ ಮೇಲಕ್ಕೆ ಸರಿಸಿ, ಕಟ್ಟಲಿ ಎಂದು ಎಡಗೈ ಚಾಚಿದಳು.