ಆ ತುದಿ ಹಿಡಿದವಳು

"ಸೊನ್ನೆ! ಕಣ್ಣು ಬಿಟ್ಟು ನೋಡ್ರೇ ಎಲ್ರೂ! ಈ ಮುದಿ ಗೂಬೆ ಬೆಳಗ್ಗೆಯಿಂದ ಕಡಿದು ಕಟ್ಟೆ ಹಾಕಿರೋದು ದೊಡ್ಡ ಸೊನ್ನೆ!"

ಮೇಸ್ತ್ರಿ ಗೋಡೆಯ ಮೇಲಿನ ಪರದೆಗೆ ಕೋಲು ತಾಗಿಸಿ ಕಿರುಚುತ್ತಿದ್ದ. ಪರದೆಯ ಮೇಲೆ ಅತ್ತೆಯ ಮುಖವಿತ್ತು, ಮುಖದ ಪಕ್ಕದಲ್ಲಿ ಕೆಂಪು ಬಣ್ಣದ ಸೊನ್ನೆಯಿತ್ತು. ಅತ್ತೆ ಅರ್ಧ ಮಡಚಿದ ಬೆಡ್‌ಶೀಟಿನ ಎರಡು ಮೂಲೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು. ಇನ್ನೆರಡು ಮೂಲೆ ಸೊಸೆಯ ಕೈಯಲ್ಲಿದ್ದವು.

"ಇವಳನ್ನ ನೋಡಿ ಕಲೀರಿ. ಇಡೀ ಹಾಲ್‌ಗೆ ಇವಳೇ ಫಸ್ಟು!" ಎಂದು ಮೇಸ್ತ್ರಿ ಕೋಲನ್ನು ಸೊಸೆಯ ಕಡೆ ತಿರುಗಿಸಿದ. "ಒಂದೇ ಮನೆ, ಒಂದೇ ಒಲೆ. ಒಬ್ಬಳು ಚಿನ್ನ, ಇನ್ನೊಬ್ಬಳು ತುಕ್ಕು."

ಸುಳ್ಳು ಯಾಕೆ ಹೇಳಬೇಕು, ಸೊಸೆಗೆ ಆ ಗಳಿಗೆಯಲ್ಲಿ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಮದುವೆಯಾಗಿ ಬಂದಾಗಿನಿಂದ ಈ ಹೆಂಗಸಿನ ಬಾಯಲ್ಲಿ 'ಸೊಟ್ಟಗೈ ಮುಂಡೇದೇ' ಎನ್ನಿಸಿಕೊಂಡೇ ಬೆಳಗು ಹರಿಯುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ತನ್ನ ಕಾಲ ಗೋಡೆಯ ಮೇಲೆ ಬೆಳಗಿತು ಅಂದುಕೊಂಡಳು. ಆಮೇಲೆ ಅತ್ತೆಯ ಮುಖ ನೋಡಿದಳು. ಬೈಗುಳ ಬರಬೇಕಾಗಿದ್ದ ಬಾಯಿ ಸುಮ್ಮನೆ ತೆರೆದಿತ್ತು, ಅಷ್ಟೆ.

ಅದು ದೊಡ್ಡ ದೊಡ್ಡ ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆ. ಒಗೆಯುವುದು, ಹಿಂಡುವುದು, ಒಣಗಿಸುವುದೆಲ್ಲ ಮೆಷಿನ್ನೇ. ಮಡಚುವುದು ಮಾತ್ರ ಇವತ್ತಿಗೂ ಹೆಂಗಸರ ಕೈ. ಜೋಡಿ ಮಂಚದ ಬೆಡ್‌ಶೀಟು ಒಬ್ಬರ ತೋಳಿಗೆ ಬಗ್ಗುವ ಪ್ರಾಣಿಯಲ್ಲ. ಇಬ್ಬರು ಎದುರುಬದುರು ನಿಂತು ಒದರಬೇಕು. ಒಬ್ಬಳು ಮೇಜಿನ ಹತ್ತಿರ ನಿಲ್ಲುತ್ತಾಳೆ. ಇನ್ನೊಬ್ಬಳು ತನ್ನ ಮೂಲೆಗಳನ್ನು ಹೊತ್ತು ನಡೆದು ಬಂದು ಅವಳ ಕೈಗೆ ಸೇರಿಸಿ, ಬಗ್ಗಿ ಜೋತುಬಿದ್ದ ಮಡಿಕೆ ಹಿಡಿದು ಹಿಂದಕ್ಕೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಕೊನೆಯ ಮಡಿಕೆ ಹಾಕಿ ಮೇಜಿನ ಮೇಲಿಡುವುದು ನಿಂತವಳು. ಸೊಸೆಗೆ ಬಸುರಿಯಾಗಿದ್ದಾಗ ಕಾಲು ಊದಿಕೊಂಡಿತ್ತು. "ನೀನು ನಿಂತ್ಕೋ, ನಾನು ಓಡಾಡ್ತೀನಿ" ಎಂದು ಅತ್ತೆ ಆ ತುದಿ ಹಿಡಿದಿದ್ದಳು. ಮಗು ಹುಟ್ಟಿ, ನಡೆದು, ಸ್ಕೂಲಿಗೆ ಸೇರಿದರೂ ಅತ್ತೆ ಆ ತುದಿ ಬಿಟ್ಟಿರಲಿಲ್ಲ.

ಮಧ್ಯಾಹ್ನ ಸಾಹುಕಾರನೇ ಬಂದ. ಜೊತೆಗೆ, ಯಾರ ಕೆಲಸ ಎಷ್ಟೆಂದು ಎಣಿಸುವ ಹೊಸ ಕ್ಯಾಮೆರಾ ಯಂತ್ರ ಜೋಡಿಸಿದ ಇಂಜಿನಿಯರ್, ಕನ್ನಡಕದ ಹುಡುಗ.

"ಇದು ಅಂತಿಂಥ ಕ್ಯಾಮೆರಾ ಅಲ್ಲ. ಇದರೊಳಗೆ ಬುದ್ಧಿ ಇದೆ" ಎಂದ ಸಾಹುಕಾರ. "ಆಕಾಶದಲ್ಲಿ ಹೊಸ ನಕ್ಷತ್ರ ಹುಡುಕೋದು, ಹೊಸ ಔಷಧಿ ಕಂಡುಹಿಡಿಯೋದು, ಇವತ್ತು ಎಲ್ಲಾ ಈ ಲೆಕ್ಕವೇ. ನಿಮ್ಮ ಮೈಗಳ್ಳತನ ಹಿಡಿಯೋದು ಇದಕ್ಕೆ ಯಾವ ಮಹಾ ಕೆಲಸ? ನಿಮ್ಮಲ್ಲಿ ಅರ್ಧ ಜನ ಬರೀ ಸೊನ್ನೆ. ಸೋಮವಾರದಿಂದ ಸೊನ್ನೆಗಳು ಗೇಟಿನ ಒಳಗೆ ಕಾಲಿಡೋ ಹಾಗಿಲ್ಲ."

ಎಲ್ಲ ಜೋಡಿಯಲ್ಲೂ ಆ ತುದಿಯವಳೇ ಸೊನ್ನೆ. ಪಕ್ಕದ ಮೇಜಿನಲ್ಲಿ ಎಲ್ಲರೂ 'ಉದ್ದಕ್ಕ' ಎಂದು ಕರೆಯುವವಳೂ ಸೊನ್ನೆಯೇ. ಹೆಸರಿಗೆ ತಕ್ಕ ಎತ್ತರ, ಎತ್ತರಕ್ಕೆ ತಕ್ಕ ಬಾಯಿ.

"ಓಡಾಡೋದು ಕೆಲಸ ಅಲ್ವಾ ಸಾಹುಕಾರ್ರೇ? ನಾನು ಇಲ್ಲದಿದ್ರೆ ಇವಳು ಬೆಡ್‌ಶೀಟಿನ ಆ ತುದೀನ ಹಲ್ಲಲ್ಲಿ ಕಚ್ಕೊಂಡು ಮಡಚ್ತಾಳಾ?"

ಹಾಲ್ ನಕ್ಕಿತು. ಮೇಸ್ತ್ರಿ ನಗಲಿಲ್ಲ.

"ಬಾಯಿ ಮುಚ್ಚೇ ಲೌಡಿ! ಎಬ್ಬೆಟ್ಟು ಒತ್ತೋ ನೀನು ಗಣಿತಕ್ಕೇ ಬುದ್ಧಿ ಹೇಳ್ತೀಯಾ?"

ಉದ್ದಕ್ಕ ತಿರುಗಿ ನಿಂತು ಎಲ್ಲರಿಗೂ ಕೇಳುವ ಹಾಗೆ ಗೊಣಗಿದಳು: "ಬೋಳಿಮಗನ ಗಂಟಲು ನೋಡು, ಇವನೇ ಗಣಿತದ ಅಪ್ಪ ಅನ್ನೋ ಹಾಗೆ."

ಸಂಜೆ ಮನೆಯಲ್ಲಿ ಸೊಸೆಗೆ ಜೀವ ತಡೆಯಲಿಲ್ಲ. ಅತ್ತೆ ಬೈಯುತ್ತಿಲ್ಲ! ಬಾಗಿಲ ಬಳಿ ಕಾಲು ಚಾಚಿ ಕೂತವಳು ನೀರು ಕೊಟ್ಟರೆ ಕುಡಿದಳು, ಕೊಡದಿದ್ದರೆ ಕೇಳಲಿಲ್ಲ. ಸೊಸೆಯ ಗಂಡ ಬಣ್ಣ ಬಳಿಯುವ ಕೆಲಸ ಮುಗಿಸಿ ಮೈಯೆಲ್ಲ ಸುಣ್ಣ ಮಾಡಿಕೊಂಡು ಬಂದು ನೆಲದ ತುಂಬ ಹೆಜ್ಜೆ ಮೂಡಿಸಿದ. ಅದಕ್ಕೂ ಬೈಯಲಿಲ್ಲ.

"ಆ ಹಲ್ಕಾ ಮೇಸ್ತ್ರಿ ಮಾತನ್ನ ಯಾಕತ್ತೆ ಇಷ್ಟು ಮನಸ್ಸಿಗೆ ಹಚ್ಕೊಳ್ತೀರಿ?"

"ಮೇಸ್ತ್ರಿ ಅಂದಿದ್ರೆ ಅವನ ಮುಖಕ್ಕೆ ಉಗಿದು ಬರ್ತಿದ್ದೆ. ಅಂದದ್ದು ಯಂತ್ರ ಕಣೇ" ಎಂದಳು ಅತ್ತೆ. "ಹೋದ ವರ್ಷ ಆಸ್ಪತ್ರೇಲಿ ಏನಾಯ್ತು? ಡಾಕ್ಟರು ನನ್ನ ಎದೆ ಫೋಟೋ ನೋಡಿ ಏನೂ ಇಲ್ಲ, ಕೆಮ್ಮಿನ ಔಷಧಿ ಕುಡಿ ಅಂದ್ರು. ಅಲ್ಲಿದ್ದ ಇಂಥದ್ದೇ ಯಂತ್ರ, ಇಲ್ಲ, ಇಲ್ಲೊಂದು ಚುಕ್ಕೆ ಇದೆ ಅಂತ ತೋರಿಸ್ತು. ಅದಕ್ಕೇ ಬದುಕಿದೀನಿ. ನನ್ನ ಎದೆಯೊಳಗೆ ಇದ್ದದ್ದನ್ನೇ ಕಂಡದ್ದು, ನನ್ನ ಕೈಯಲ್ಲಿ ಏನೂ ಇಲ್ಲ ಅಂದ್ರೆ ಸುಳ್ಳಾಗುತ್ತಾ? ವಯಸ್ಸಾಯ್ತು. ನನಗೇ ಗೊತ್ತಾಗಿಲ್ಲ, ಅಷ್ಟೆ."

ಈ ಹೆಂಗಸು ಸೋಮವಾರದಿಂದ ಹೀಗೇ ಬಾಗಿಲ ಬಳಿ ಕೂತುಬಿಟ್ಟರೆ? ಬೈಯಲು ಏನೂ ಇಲ್ಲದೆ ಅವಳು ಬದುಕಿಯಾಳೆ? ಏನಾದರಾಗಲಿ ಎಂದು ಸೊಸೆ ಒಣಗಿದ ಟವೆಲು ಎಳೆದುಕೊಂಡು, ಅವಳ ಕಣ್ಣೆದುರೇ ಬೇಕುಬೇಕೆಂದೇ ಸೊಟ್ಟ ಮಡಚಿ ಇಟ್ಟಳು. ಅತ್ತೆ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ತಡೆಯಲಾಗಲಿಲ್ಲ.

"ಅಯ್ಯೋ ನಿನ್ನ ಕೈಗೆ ಲಕ್ವ ಹೊಡೀಲಿ! ಅದೇನು ಮೂಲೇನೋ, ನಾಯಿ ಕಿವೀನೋ? ಬಿಚ್ಚು! ಬಿಚ್ಚಿ ಮತ್ತೆ ಇಡು!"

ಸೊಸೆ ಖುಷಿಯಿಂದ ಬಿಚ್ಚಿ ಮತ್ತೆ ಇಟ್ಟಳು. ಇಟ್ಟವಳು ಹಾಗೇ ನಿಂತಳು.

"ಅತ್ತೆ... ಕಾರ್ಖಾನೇಲೂ ಹೀಗೇ ಅಲ್ವಾ? ನಾನು ಸೊಟ್ಟ ಇಡ್ತೀನಿ, ನೀವು ಬೈತೀರಿ, ಬಿಚ್ಚಿ ಮತ್ತೆ ಇಡ್ತೀನಿ."

"ದಿನವಿಡೀ ಅದೇ ತಾನೇ ನಿನ್ನ ಘನಕಾರ್ಯ!"

"ಅದಕ್ಕೇ ನಾನು ಫಸ್ಟು! ಇಟ್ಟಾಗೆಲ್ಲಾ ಒಂದೊಂದು ಎಣಿಸ್ಕೊಂಡಿದೆ ಆ ಪೆದ್ದು ಯಂತ್ರ!"

ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಹೊಳೆಯಿತು, ತನ್ನ ಮೊದಲ ಸ್ಥಾನವೂ ಅತ್ತೆಯ ಬೈಗುಳದ ದುಡಿಮೆ. ಸ್ವಲ್ಪ ನಾಚಿಕೆಯೂ ಆಯಿತು, ಆಗಬೇಕಾದದ್ದೇ.

ಮರುದಿನ ಟೀ ಹೊತ್ತಿನಲ್ಲಿ ಕನ್ನಡಕದ ಹುಡುಗನನ್ನು ಹಿಡಿದಳು. "ಅಣ್ಣಾ, ಅದು ನಮ್ಮಲ್ಲಿ ಏನು ನೋಡುತ್ತೆ?"

"ಮೇಜಿನ ಮೇಲೆ ಯಾರ ಕೈ ಬಟ್ಟೆ ಇಡುತ್ತೆ, ಅಷ್ಟೇ ಅಕ್ಕಾ. ನಡೆಯೋದು, ಬಗ್ಗೋದು ಎಲ್ಲಾನೂ ಕಲಿಸಬಹುದಿತ್ತು. ಬೇಡ, ಖರ್ಚು ಜಾಸ್ತಿ ಅಂದ್ರು ಸಾಹುಕಾರ್ರು. ಏನು ಎಣಿಸಬೇಕು ಅಂತ ತೋರಿಸಿಕೊಟ್ಟಿದ್ದು ಮೇಸ್ತ್ರಿ."

"ಇಟ್ಟದ್ದನ್ನ ಎತ್ತಿ ಮತ್ತೆ ಇಟ್ರೆ?"

"ಇಟ್ಟದ್ದನ್ನ ಯಾರಾದ್ರೂ ಎತ್ತುತ್ತಾರಾ?" ಎಂದು ಹುಡುಗ ಟೀ ಕುಡಿದು ಹೋದ. ಪಾಪ, ಅವನ ಮನೆಯಲ್ಲಿ ಇಂಥ ಅತ್ತೆ ಇರಲಿಲ್ಲ.

ಸೊಸೆ ಬಂದು ಹೇಳಿದ್ದೇ ತಡ, ಅತ್ತೆಯ ಮುಖ ಅರಳಿತು. "ನೋಡಿದ್ಯಾ! ಆಸ್ಪತ್ರೇದಕ್ಕೆ ರೋಗ ಹೆಂಗಿರುತ್ತೆ ಅಂತ ಡಾಕ್ಟರುಗಳು ಕಲಿಸಿರ್ತಾರೆ, ಇದಕ್ಕೆ ಕೆಲಸ ಹೆಂಗಿರುತ್ತೆ ಅಂತ ಕಲಿಸಿದೋನು ಜನ್ಮದಲ್ಲಿ ಕೆಲಸ ಮಾಡದೋನು! ಯಂತ್ರದ ತಪ್ಪಲ್ಲ ಬಿಡು. ಅದರ ಗುರುವಿನ ತಪ್ಪು."

ಇಷ್ಟು ತಿಳಿದ ಮೇಲೆ ಹೇಳದೆ ಇರಬಾರದೆಂದು ಅತ್ತೆ-ಸೊಸೆ ಇಬ್ಬರೂ ಮೇಸ್ತ್ರಿಯ ರೂಮಿನ ಮುಂದೆ ನಿಂತರು. ಅವನು ಒಳಗೆ ಕರೆಯಲಿಲ್ಲ. ಕೂತಲ್ಲಿಂದಲೇ ಎಲ್ಲ ಕೇಳಿಸಿಕೊಂಡ, ಉಗುರು ಕಚ್ಚುತ್ತ.

"ಗೊತ್ತು" ಎಂದ.

"ಗೊತ್ತಾ?" ಎಂದಳು ಸೊಸೆ.

"ಗೊತ್ತು ಕಣೇ. ಸಾಹುಕಾರ್ರಿಗೆ ಅರ್ಧ ಜನ ಕಮ್ಮಿ ಆಗ್ಬೇಕು. ನಾನು ಹೇಳಿದ್ರೆ ನೀವು ಅಳ್ತೀರಿ, ಕೂಗ್ತೀರಿ, ನನ್ನ ಮನೆ ಮುಂದೆ ಮಣ್ಣು ತೂರ್ತೀರಿ. ಯಂತ್ರ ಹೇಳಿದ್ರೆ ಯಾರ ಮೇಲೆ ತೂರ್ತೀರಿ? ಹೋಗಿ ಹೋಗಿ. ಶನಿವಾರ ದೊಡ್ಡ ಮನುಷ್ಯರು ಯಂತ್ರ ನೋಡೋಕೆ ಬರ್ತಾರೆ. ಚೆನ್ನಾಗಿ ತಲೆ ಬಾಚ್ಕೊಂಡು ಬನ್ನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಹಳೆಯದು. ಇಲ್ಲಿ ದೇವರ ಬಾಯಲ್ಲಿ ಮಾತಾಡುತ್ತಿದ್ದವನೇ ಪೂಜಾರಿ.

ಆ ದಿನ ಊಟದ ಹೊತ್ತಿನಲ್ಲಿ, ಡ್ರೈಯರ್ ಹಿಂದಿನ ಬೆಚ್ಚಗಿನ ಜಾಗದಲ್ಲಿ, ಹೆಂಗಸರೆಲ್ಲ ಬುತ್ತಿ ಬಿಚ್ಚಿ ಕೂತಾಗ ಅತ್ತೆ ವಿಷಯ ಎತ್ತಿದಳು. ಮೊದಲಿಗೆ ನಿಂತವರು ಬೇರೆ, ನಡೆದವರು ಬೇರೆಯಾಗಿ ಕೂತಿದ್ದರು. ಯಂತ್ರ ಬಂದಾಗಿನಿಂದ ಮುಖ ತಿರುಗಿಸಿಕೊಂಡಿದ್ದರು. ಉದ್ದಕ್ಕನ ಜೋಡಿಯವಳಂತೂ, "ನಂಗ್ಯಾಕೆ ಬೇಕವ್ವಾ, ನನ್ನ ನಂಬರ್ ಚೆನ್ನಾಗೇ ಇದೆ" ಎಂದಳು.

"ಚೆನ್ನಾಗಿದೆಯಾ? ಸೋಮವಾರ ಆ ತುದಿ ಯಾರು ಹಿಡೀತಾರೆ, ನಿನ್ನ ನಂಬರ್ ಹಿಡಿಯುತ್ತಾ?" ಎಂದಳು ಸೊಸೆ. ಮೊದಲ ಸ್ಥಾನದವಳ ಬಾಯಿಂದ ಬಂದ ಮಾತು. ಅದಕ್ಕೆ ಬೆಲೆಯಿತ್ತು. ಜೋಡಿಯವಳು ಬಾಯಿಗಿಟ್ಟ ತುತ್ತನ್ನು ನಿಧಾನ ಅಗಿದು, ಪಕ್ಕಕ್ಕೆ ಸರಿದು, ಉದ್ದಕ್ಕನಿಗೆ ಕೂರಲು ಜಾಗ ಬಿಟ್ಟಳು. ಆಮೇಲೆ ಅತ್ತೆ ತಗ್ಗಿದ ದನಿಯಲ್ಲಿ ಹೇಳಿದ ಉಪಾಯಕ್ಕೆ ಎಲ್ಲರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು.

ಶನಿವಾರ ದೊಡ್ಡ ಮನುಷ್ಯರು ಬಂದರು. ಮಿರಿಮಿರಿ ಬೂಟು, ಘಮಘಮ ಕರವಸ್ತ್ರ. ಸಾಹುಕಾರ ಅವರನ್ನು ಪರದೆಯ ಮುಂದೆ ಕುರ್ಚಿ ಹಾಕಿ ಕೂರಿಸಿದ, ಹಾಲ್‌ಗೆ ಬೆನ್ನು ಮಾಡಿ. ಯಂತ್ರ ಬಂದ ಮೇಲೆ ಮೇಸ್ತ್ರಿ ಕೂಡ ಹೆಂಗಸರ ಕೈ ನೋಡುವುದನ್ನು ಬಿಟ್ಟಿದ್ದ. ಅವನ ಕಣ್ಣೂ ಪರದೆಯಲ್ಲೇ.

ಹೆಂಗಸರು ಶುರುಮಾಡಿದರು. ಮೇಜಿಗೊಂದೇ ಬೆಡ್‌ಶೀಟು, ಚೊಕ್ಕವಾಗಿ ಮಡಚಿದ್ದು. ಸೊಸೆ ಇಟ್ಟಳು. ಅತ್ತೆ ಎತ್ತಿಕೊಂಡು ಇಟ್ಟಳು. ಸೊಸೆ ಎತ್ತಿಕೊಂಡು ಇಟ್ಟಳು. ಮಕ್ಕಳ ಚಪ್ಪಾಳೆ ಆಟದ ಹಾಗೆ, ಇಡು ಎತ್ತು, ಇಡು ಎತ್ತು. ಹಿಂದೆ ಗಾಡಿಗಳಲ್ಲಿ ಒಣಗಿ ಬಂದ ಬೆಡ್‌ಶೀಟುಗಳು ಗುಡ್ಡೆಯಾಗುತ್ತ ಹೋದವು, ಬಿಸಿಬಿಸಿಯಾಗಿ, ಮುದುಡಿಕೊಂಡು. ಯಾರೂ ಆ ಕಡೆ ನೋಡಲಿಲ್ಲ. ಉದ್ದಕ್ಕ ಮಾತ್ರ ನಗು ತಡೆಯಲಾಗದೆ ಆಗಾಗ ಮೇಜಿನ ಕೆಳಗೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಳು.

ಪರದೆಯ ಮೇಲಿನ ಅಂಕಿಗಳು ಬಾಲಕ್ಕೆ ಬೆಂಕಿ ಬಿದ್ದಂತೆ ಓಡಿದವು. ಕೆಂಪು ಸೊನ್ನೆಗಳೆಲ್ಲ ಹಸಿರಾದವು. ಎಲ್ಲರಿಗಿಂತ ಮೇಲೆ ಅತ್ತೆಯ ಮುಖ ಏರಿ ಕೂತಿತು.

"ಭಲೇ!" ಎಂದರು ದೊಡ್ಡ ಮನುಷ್ಯರು. ಚಪ್ಪಾಳೆ ತಟ್ಟಿದರು. ಕನ್ನಡಕದ ಹುಡುಗ ಒಬ್ಬನೇ ಒಮ್ಮೆ ಹಿಂತಿರುಗಿ ಹಾಲ್ ನೋಡಿದ. ಕಣ್ಣು ಅಗಲವಾಯಿತು. ಏನು ಅನ್ನಿಸಿತೋ, ಕನ್ನಡಕ ತೆಗೆದು ಒರೆಸುತ್ತ ನಿಂತುಬಿಟ್ಟ, ಒರೆಸಿದ್ದೇ ಒರೆಸಿದ್ದು.

"ನೋಡಿದ್ರಾ?" ಎಂದ ಸಾಹುಕಾರ ಉಬ್ಬಿ. "ಇದೇ ಮುದುಕಿ ಮೊನ್ನೆ ಸೊನ್ನೆ ಆಗಿದ್ಳು. ಯಂತ್ರದ ಭಯ! ಇಂಥ ಕೆಲಸ ಈ ಕಾರ್ಖಾನೆ ಇತಿಹಾಸದಲ್ಲೇ ಆಗಿಲ್ಲ!"

"ದಿಟವಾಗ್ಲೂ ಆಗಿಲ್ಲ ಸಾಹುಕಾರ್ರೇ" ಎಂದಳು ಅತ್ತೆ, ಇಡುತ್ತ.

ಅಷ್ಟರಲ್ಲಿ ಹಿಂದಿನ ಬಾಗಿಲು ತಳ್ಳಿಕೊಂಡು ಲಾರಿ ಡ್ರೈವರ್ ಬಂದ. ಹೋಟೆಲುಗಳಿಗೆ ಮಾಲು ಒಯ್ಯುವವನು ಅವನೇ. "ಹೊತ್ತಾಯ್ತು, ಹೋಟೆಲ್‌ನವ್ರು ಫೋನ್ ಮೇಲೆ ಫೋನ್ ಮಾಡಿ ನನ್ನ ಪ್ರಾಣ ತಿಂತಿದಾರೆ. ಎಲ್ರೀ ಮಾಲು?" ಎಂದವನು ಗುಡ್ಡೆ ನೋಡಿದ, ಮೇಜುಗಳನ್ನು ನೋಡಿದ. "ಅಲ್ರೀ, ಒಂದೂ ಮಡಚೇ ಇಲ್ವಲ್ರೀ!"

ಕುರ್ಚಿಗಳು ತಿರುಗಿದವು. ಸಾಹುಕಾರ ತಿರುಗಿದ. ಹೆಂಗಸರ ಕೈ ನಿಲ್ಲಲಿಲ್ಲ. ಇಡು ಎತ್ತು, ಇಡು ಎತ್ತು. ಪರದೆಯ ಅಂಕಿ ಅವನ ಬೆನ್ನ ಹಿಂದೆ ಏರುತ್ತಲೇ ಇತ್ತು.

"ಏನಿದು? ಏನ್ರೇ ಇದು? ಮಾಲೆಲ್ಲಿ?"

"ಅಗೋ, ಪರದೆ ಮೇಲಿದೆಯಲ್ಲ ಸಾಹುಕಾರ್ರೇ, ರಾಶಿ ರಾಶಿ!" ಎಂದಳು ಅತ್ತೆ. "ಅದನ್ನೇ ಲಾರಿಗೆ ತುಂಬಿ ಕಳ್ಸಿ. ಗಣಿತ ಸುಳ್ಳು ಹೇಳುತ್ತಾ?"

ಡ್ರೈವರ್ ಮೊದಲು ನಕ್ಕ. ಆಮೇಲೆ ಬೂಟಿನವರಲ್ಲೊಬ್ಬ ಕರವಸ್ತ್ರ ಬಾಯಿಗೆ ಹಿಡಿದ. ಮೇಸ್ತ್ರಿ ಕೋಲು ಎತ್ತಿಕೊಂಡು ಅತ್ತೆಯ ಮೇಲೆ ನುಗ್ಗಿದ. ಸೊಸೆ ಅಡ್ಡ ಬಂದಳು. ಅವಳ ಹಿಂದೆ ಉದ್ದಕ್ಕ ಬಂದಳು, ಉದ್ದಕ್ಕನ ಜೋಡಿಯವಳು ಬಂದಳು. ಕೋಲು ಮೇಲೆಯೇ ನಿಂತಿತು.

"ಮಡಚ್ರೇ! ಈಗಿಂದೀಗ್ಲೇ ಮಡಚ್ರೇ ಅಂದ್ರೆ!" ಸಾಹುಕಾರನ ದನಿ ಕೀರಲಾಗಿತ್ತು.

"ಮಡಚ್ತೀವಿ" ಎಂದಳು ಸೊಸೆ. "ಇಬ್ಬಿಬ್ರಾಗಿ ಮಡಚ್ತೀವಿ. ಇಲ್ಲಿರೋ ಎಲ್ರೂ, ಸೋಮವಾರಾನೂ. ಒಬ್ರನ್ನೂ ಕಳ್ಸಲ್ಲ ಅಂತ ಈ ದೊಡ್ಡ ಮನುಷ್ಯರ ಮುಂದೆ ಒಂದು ಮಾತು ಹೇಳ್ಬಿಡಿ, ಸಾಕು."

ಡ್ರೈವರ್ ಹೊರಗೆ ಹೋಗಿ ಹಾರನ್ ಒತ್ತಿದ.

ಅತ್ತೆ ಮೇಜಿನ ಮೇಲಿದ್ದ ಒಂದೇ ಒಂದು ಬೆಡ್‌ಶೀಟನ್ನು ಎತ್ತಿ ಬಗಲಲ್ಲಿಟ್ಟುಕೊಂಡು, ಬಿಸಿ ಬಟ್ಟೆಯ ಗುಡ್ಡೆಯ ಮೇಲೆ ಹೋಗಿ ಕಾಲು ಮೇಲೆ ಕಾಲು ಹಾಕಿ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಬಂದು ಕೂತರು.

"ಬಾರೇ ಸೊಟ್ಟಗೈ, ಜಾಗ ಇದೆ" ಎಂದಳು ಅತ್ತೆ. ಸೊಸೆ ಹೋಗಿ ಅವಳ ಪಕ್ಕ ಕೂತಳು. ಬಟ್ಟೆ ಬೆಚ್ಚಗಿತ್ತು. ಹೊರಗೆ ಇನ್ನೊಮ್ಮೆ ಹಾರನ್ ಕೇಳಿತು. ಸಾಹುಕಾರ ಇನ್ನೂ ಏನೂ ಹೇಳಿರಲಿಲ್ಲ.