ಡಿಸ್ಕಿನ ಮೇಲೆ ಶಿಲುಬೆ

ಚರ್ಚಿನವರಿಗೆ ಬೈಕಿನವರ ಮೇಲೆ ಪ್ರೀತಿ ಉಕ್ಕಿದ್ದು ಹೋದ ವರ್ಷ. ತಿಂಗಳ ಮೊದಲ ಭಾನುವಾರ ಅಂಗಳದಲ್ಲಿ ಸಾಲಾಗಿ ಗಾಡಿ ನಿಲ್ಲಿಸಬೇಕು. ಪಾಸ್ಟರು ಪ್ರಾರ್ಥನೆ ಮಾಡಿ ಒಂದೊಂದರ ಹೆಡ್‌ಲೈಟಿಗೂ ಹೆಬ್ಬೆರಳಲ್ಲಿ ಎಣ್ಣೆಯ ಶಿಲುಬೆ ಬರೆಯುತ್ತಾರೆ. ಆಮೇಲೆ ಟೀ, ಬನ್ನು. ಎದುರಿನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಿರುವ ನನಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು. ಬೋಳು ಟೈರಿನಲ್ಲಿ ಬಂದವನು ಬೋಳು ಟೈರಿನಲ್ಲೇ ಹೋಗುತ್ತಿದ್ದ, ಮುಖದಲ್ಲಿ ನೆಮ್ಮದಿ ಮಾತ್ರ ಜಾಸ್ತಿ.

ಆದರೆ ನಾನು ಬಾಯಿ ಬಿಡುವ ಹಾಗಿರಲಿಲ್ಲ. ಪಾರ್ಸೆಲ್ ಹೊತ್ತು ಊರೆಲ್ಲ ಸುತ್ತುವ ನನ್ನ ಭಾವ ಕುಡಿತ ಬಿಟ್ಟಿದ್ದೇ ಆ ಪಾಸ್ಟರಿಂದ. ಎರಡು ತಿಂಗಳಿಂದ ಒಂದು ತೊಟ್ಟೂ ಮುಟ್ಟಿರಲಿಲ್ಲ. ಅಕ್ಕ ಮತ್ತೆ ತಲೆಯೆತ್ತಿ ಬೀದಿಯಲ್ಲಿ ಓಡಾಡತೊಡಗಿದ್ದಳು.

ಆ ಭಾನುವಾರ ಪಾಸ್ಟರು ಎಣ್ಣೆಯ ಬಟ್ಟಲು ಹಿಡಿದು ಬಂದಾಗ ಭಾವನಿಗೆ ತಮಾಷೆ ಹೊಳೆಯಿತು.

“ಲೈಟಿಗೇನೂ ಆಗಿಲ್ಲ ಪಾಸ್ಟರೇ. ನಂಗೆ ಬರ್ದೇ ಇರೋದು ನಿಲ್ಸೋದು. ಇಲ್ಲಿ ಹಚ್ಚಿ,” ಎಂದು ಮುಂದಿನ ಚಕ್ರದ ಡಿಸ್ಕ್ ತೋರಿಸಿದ.

ಎಲ್ಲರೂ ನಕ್ಕರು. ಪಾಸ್ಟರೂ ನಗುತ್ತ ಮೊಣಕಾಲೂರಿ, ಬ್ರೇಕು ಕಚ್ಚಿ ಹಿಡಿಯುವ ಆ ಉಕ್ಕಿನ ತಟ್ಟೆಯ ಮೇಲೆ ದಪ್ಪಗೆ ಶಿಲುಬೆ ಎಳೆದರು. ಭಾವ ಟೀ ಕಡೆಗೆ ನಡೆದ. ನಾನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿದು ರಸ್ತೆ ದಾಟಿ ಓಡಿದೆ. ಗಾಡಿಯ ಪಕ್ಕದಲ್ಲೇ ನಿಂತಿದ್ದ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅಲ್ಲಿ ಎಣ್ಣೆ ಬಿದ್ದರೆ ಬ್ರೇಕು ಜಾರುತ್ತದೆ ಎಂದೆ. ಎರಡು ಸಲ ಹೇಳಿದೆ.

“ಒರೆಸ್ಬೇಡ ಕಣೋ. ಅವ್ರಾಗೇ ಕೇಳಿ ಹಚ್ಚಿಸ್ಕೊಂಡಿದಾರೆ. ಇದನ್ನ ಒರೆಸಿದ್ರೆ ನಾಳೆನೇ ಬಾಟ್ಲಿ ಹಿಡೀತಾರೆ, ನಂಗೊತ್ತು.”

ನನಗೂ ರೋಷ. ಹಾಳಾಗಿ ಹೋಗಿ ಎಂದು ಬಟ್ಟೆ ಬಿಸಾಕಿ ವಾಪಸು ಬಂದೆ. ಅರ್ಧ ಗಂಟೆಯಲ್ಲಿ ಭಾವನಿಗೆ ಪಾರ್ಸೆಲ್ ಕರೆ ಬಂತು, ಹೊರಟ. ಇಳಿಜಾರಿನ ಸಿಗ್ನಲ್ಲಿನಲ್ಲಿ ಅವನ ಬೈಕು ನಿಲ್ಲಲಿಲ್ಲ. ಲಾರಿಯ ಹಿಂದಿನ ಚಕ್ರ ಅದನ್ನು ನಿಲ್ಲಿಸಿತು.

ಪೊಲೀಸರು ಸಾವಿಗೆ ಕಾರಣ ಅತಿವೇಗ ಎಂದು ಬರೆದುಕೊಂಡರು. ಬೀದಿಯವರು, ಹಳೇ ಕುಡುಕ, ಮತ್ತೆ ಶುರು ಮಾಡಿರಬೇಕು ಎಂದರು. ಗಾಡಿ ನಮ್ಮ ಗ್ಯಾರೇಜಿಗೇ ಬಂತು. ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿದೆ. ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಅವತ್ತು ಕುಡಿದದ್ದು ಅದೊಂದೇ.

ಪಾಸ್ಟರನ್ನು ಕರೆದು ತೋರಿಸಿದೆ. ಅವರು ಪ್ಯಾಡನ್ನು ಹೆಬ್ಬೆರಳಲ್ಲಿ ಉಜ್ಜಿ ಮೂಸಿ ನೋಡಿದರು. ಈಗಲೇ ಹೋಗಿ ನಿನ್ನ ಅಕ್ಕನ ಎದುರು ತಪ್ಪೊಪ್ಪಿಕೊಳ್ಳುತ್ತೇನೆ ಎಂದರು.

“ನೀವು ಹೇಳಿ ಹಗುರಾಗ್ತೀರ. ಒರೆಸೋಕೆ ಬಿಡ್ದೇ ಇದ್ದ ಕೈನ ಅವ್ಳು ಎಲ್ಲಿಟ್ಕೋಬೇಕು? ಬಾಯಿ ಮುಚ್ಕೊಂಡು ಹೊತ್ಕೊಳ್ಳಿ.”

ಅಕ್ಕ ನಾಲ್ಕು ದಿನದಿಂದ ಊಟ ಮುಟ್ಟಿರಲಿಲ್ಲ. ಆ ಮಧ್ಯಾಹ್ನ ಹೋದಾಗ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಬಡಿಸಿಟ್ಟ ತಟ್ಟೆ ಪಕ್ಕದಲ್ಲೇ ಆರಿತ್ತು.

“ಗಾಡಿ ಬಿಚ್ಚಿದೀಯಂತೆ. ನಿಜ ಹೇಳು. ಬ್ರೇಕ್ ಹಿಡೀಲಿಲ್ವಾ?”

“ಬ್ರೇಕ್ ನೆಟ್ಟಗಿತ್ತು ಅಕ್ಕ. ಭಾವ ಕುಡಿದಿದ್ದ.”

ಮದುವೆಯಾದಂದಿನಿಂದ ಗಂಡನನ್ನು ಅವರು, ಇವರು ಎನ್ನುತ್ತಿದ್ದವಳು ಮೊದಲ ಸಲ ಏಕವಚನಕ್ಕೆ ಇಳಿದಳು. ಸುಳ್ಳ, ಕೊನೆಗೂ ನನ್ನ ಕತ್ತು ಕೊಯ್ದ ಎಂದು ಬಾಯಿಗೆ ಬಂದಂತೆ ಬೈಯುತ್ತ, ತಟ್ಟೆ ಎಳೆದುಕೊಂಡು ಉಣ್ಣತೊಡಗಿದಳು.

ಅವಳು ತಟ್ಟೆ ಮುಗಿಸುವವರೆಗೂ ನಾನೂ ಜೊತೆಗೆ ಬೈದೆ.