ಎರಡನೇ ಸಲ ಕೇಳಿದ್ದು

"ಮೆಲ್ಲಗೆ, ಮೆಲ್ಲಗೆ! ತಲೆ ಕಡೆ ಸ್ವಲ್ಪ ಎತ್ರಪ್ಪಾ!" ಎಂದು ಸ್ಪ್ಯಾನರ್ ಕೂಗಿದ. ಲಿಫ್ಟ್ ಕಂಪನಿಯ ಹಳೇ ಮೆಕ್ಯಾನಿಕ್ ಅವನು. ಅವನ ನಿಜವಾದ ಹೆಸರು ಕಟ್ಟಿಕೊಂಡ ಹೆಂಡತಿಗೂ ಮರೆತುಹೋಗಿದೆ ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು. ಏಳನೇ ಮಹಡಿಯಲ್ಲಿ, ಮೇಷ್ಟ್ರ ಮನೆಯೆದುರು, ಲಿಫ್ಟಿನ ಬಾಗಿಲಿಗೆ ಸ್ಟ್ರೆಚರ್ ಅಡ್ಡ ಸಿಕ್ಕಿಕೊಂಡಿತ್ತು. ಅದರ ಮೇಲೆ, ಬಿಳಿ ಹೊದಿಕೆಯ ಅಡಿಯಲ್ಲಿ, ಮೇಷ್ಟ್ರ ಹೆಂಡತಿ; ಅದೇ ಕಂಪನಿಯಲ್ಲಿ ಅವನ ಮೇಲಧಿಕಾರಿಯಾಗಿದ್ದವಳು.

"ಮೆಟ್ಟಿಲಲ್ಲೇ ಇಳಿಸೋಣ ಬಿಡಿ ಮಾಮ," ಎಂದಳು ಮಗಳು.

"ಲಿಫ್ಟ್ ಕಂಪನಿಯ ನಮ್ಮಕ್ಕನ್ನ ಮೆಟ್ಟಿಲಲ್ಲಿ ಇಳಿಸೋದಾ? ನಾವೇನು ಸತ್ತು ಹೋಗಿದೀವಾ ತಾಯಿ?" ಎಂದವನು ನಾಲಿಗೆ ಕಚ್ಚಿಕೊಂಡ.

ಜೇಬಿನಿಂದ ಕೀಲಿ ತೆಗೆದು ಲಿಫ್ಟಿನ ಹಿಂದಿನ ತಗಡನ್ನು ತೆರೆದ. ಅದರಾಚೆ ಸ್ಟ್ರೆಚರ್ ಚಾಚುವಷ್ಟು ಜಾಗವಿತ್ತು. ಪಕ್ಕದಲ್ಲಿ ಇಬ್ಬರು ನಿಲ್ಲಬಹುದಿತ್ತು, ಅಷ್ಟೆ. ಮೇಷ್ಟ್ರೂ ಸ್ಪ್ಯಾನರನೂ ಒಳಗೆ ನಿಂತರು. ಉಳಿದವರೆಲ್ಲ ಮಗಳ ಜೊತೆ ಮೆಟ್ಟಿಲಿಳಿದರು.

*

ಅಂದು ಬೆಳಿಗ್ಗೆ, ಹೆಣದ ಮುಂದೆ ಕೂತು, ಸ್ಪ್ಯಾನರ್ ಕತೆ ಹೇಳಿದ್ದ.

"ಡೇಟಾ ಯೋಜನೆ ಅಂತ ಕಂಪನಿ ದುಡ್ಡು ಸುರಿದಿದ್ದೇ ಸುರಿದಿದ್ದು ಭಾವ, ಹೊಳೇಲಿ ಹುಣಿಸೆಹಣ್ಣು ತೊಳ್ದಂಗೆ! ಗೋಡೆ ತುಂಬ ಪರದೆ. ಲಿಫ್ಟ್ ಕೆಟ್ಟಿದ್ಯಾಕೆ ಅಂತ ನಾವು ಫೋನಲ್ಲಿ ಒತ್ತಬೇಕು. ಪರದೆ ಮೇಲೆ ನೋಡಿದ್ರೆ ಬರೀ 'ಬಾಗಿಲು', 'ಬಾಗಿಲು'. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತಾರಲ್ಲ, ಹಂಗೆ ಗೋಡೌನ್ ತುಂಬ ಬಾಗಿಲು ತಂದಿಟ್ರು. ಲಿಫ್ಟ್ ನಿಲ್ಲೋದು ನಿಲ್ತಾನೇ ಇತ್ತು."

"ಯಾಕೆ?" ಎಂದು ಮಗಳು ಕೇಳಿದ್ದಳು.

"ಅಕ್ಕ ನಮ್ಮ ಜೊತೆ ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದು ನೋಡಿದ್ರು. ಫೋನಲ್ಲಿರೋ ಕಾರಣಗಳ ಪಟ್ಟೀಲಿ ಮೊದಲು ಇರೋದೇ 'ಬಾಗಿಲು'. ಕೈ ತುಂಬ ಗ್ರೀಸು, ಹೊರಗೆ ಜನರ ಬೈಗುಳ. ನಾವೆಲ್ಲ ಮೊದಲು ಸಿಕ್ಕಿದ್ದನ್ನ ಒತ್ತಿ ಕೈ ತೊಳ್ಕೊಳ್ತಿದ್ವಿ! ಅಕ್ಕ ಹೊಟ್ಟೆ ಹಿಡ್ಕೊಂಡು ನಕ್ರು, ಬೈಲಿಲ್ಲ. ಪಟ್ಟಿ ಕಿತ್ತು ಬಿಸಾಕಿ, ಸಂಜೆ ಅವರೇ ಒಬ್ಬೊಬ್ಬರಿಗೂ ಫೋನ್ ಮಾಡೋರು. 'ಏನಾಗಿತ್ತು?' ಅಂದ್ರೆ ನಾವು 'ಬಾಗಿಲು' ಅನ್ನೋದು. ಒಂದು ಗಳಿಗೆ ಸುಮ್ಮನಿದ್ದು, 'ಸರಿ, ಈಗ ನಿಜ ಹೇಳು' ಅನ್ನೋರು. ಎರಡನೇ ಸಲ ಕೇಳಿದ್ರೆ ಸುಳ್ಳು ಬರಲ್ಲ ಭಾವ. ಹಗ್ಗ ಸವೆದಿದೆ, ಬ್ರೇಕು ಹಿಡೀತಿಲ್ಲ, ಎಲ್ಲ ಬಾಯಿ ಬಿಟ್ವಿ. ಆಮೇಲೆ ನೋಡಿ, ದಿನಾ ಕೆಡ್ತಿದ್ದ ಆಸ್ಪತ್ರೆ ಲಿಫ್ಟು ಒಂದೇ ಒಂದು ದಿನ ನಿಂತಿಲ್ಲ."

ಕೂತವರು ಅಳುತ್ತಲೇ ನಕ್ಕರು. ಮೇಷ್ಟ್ರು ನಗಲಿಲ್ಲ. ಈ ಕತೆಯನ್ನು ಅವಳೂ ಹಿಂದೊಮ್ಮೆ ಹೇಳಲು ಹೊರಟಿದ್ದಳು. ಅವರು ಪತ್ರಿಕೆ ಓದುತ್ತ ಹೂಂ ಹೂಂ ಅಂದಿದ್ದರು.

*

ಹೋದ ವಾರ ಅವಳು ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದಳು. ಮುಖ ಬಾಡಿತ್ತು.

"ಏನಾಯ್ತೇ?"

"ಏನಿಲ್ಲ ಕಣ್ರೀ, ಗ್ಯಾಸು."

"ಬಿಸಿನೀರು ಕುಡಿ," ಎಂದು ಮೇಷ್ಟ್ರು ಮತ್ತೆ ಪತ್ರಿಕೆ ಬಿಡಿಸಿದ್ದರು. ಅವಳು ಸ್ವಲ್ಪ ಹೊತ್ತು ಅವರನ್ನೇ ನೋಡುತ್ತ ನಿಂತಿದ್ದಳು.

*

ಲಿಫ್ಟಿನ ಬಾಗಿಲು ಮುಚ್ಚತೊಡಗಿತು.

"ತಡಿಯಪ್ಪ," ಎಂದರು ಮೇಷ್ಟ್ರು.

ಸ್ಪ್ಯಾನರ್ ಬಾಗಿಲು ತೆರೆಯುವ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ.

"ಎದೆ ನೋವನ್ನ ಗ್ಯಾಸು ಅಂದ್ಲು. ನಾನು ನಂಬಿಬಿಟ್ಟೆ. ಇನ್ನೊಂದ್ಸಲ ಕೇಳಿದ್ರೆ ನಂಗೆ ನಿಜ ಹೇಳ್ತಿದ್ಲಾ?"

"ಅಯ್ಯೋ, ಎಲ್ಲಿ ಹೇಳ್ತಿದ್ರು ಭಾವ! ಅಕ್ಕನ ಹಟ ನಿಮಗೆ ಗೊತ್ತಿಲ್ವಾ? ಮನಸ್ಸಿಗೆ ಹಚ್ಕೋಬೇಡಿ."

ಮಾತು ಥಟ್ಟನೆ ಬಂದಿತ್ತು. ಮೇಷ್ಟ್ರು ಹೆಂಡತಿಯ ಮುಖದ ಮೇಲಿನಿಂದ ಸರಿದಿದ್ದ ಹೊದಿಕೆಯನ್ನು ನೇರ ಮಾಡಿದರು. ಒಂದು ಗಳಿಗೆ ಸುಮ್ಮನಿದ್ದರು.

"ಸರಿ. ಈಗ ನಿಜ ಹೇಳು."

ಸ್ಪ್ಯಾನರ್ ತಲೆ ತಗ್ಗಿಸಿದ.

ಕೆಳಗಿನಿಂದ ಯಾರೋ ಕೂಗಿದರು, "ಏನ್ರಪ್ಪಾ, ಲಿಫ್ಟ್ ಕೆಟ್ಟೋಯ್ತಾ?"

ಗುಂಡಿಯ ಮೇಲೆ ಸ್ಪ್ಯಾನರನ ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು, ಬಾಗಿಲು ತೆರೆದೇ ಇತ್ತು.